ರಕ್ತ ನಿಂತಲ್ಲಿಗೆ ಮದ್ದು ಹೇಗೆ ಹೋದೀತು?

ಹಸಿ ಅಡಿಕೆ ಸೊಕ್ಕುವುದು ಚನ್ನಗಿರಿಯವರಿಗೆ ಹೊಸ ಸಂಗತಿಯಲ್ಲ. ಅಭ್ಯಾಸವಿಲ್ಲದ ನೆಂಟರು ತೋಟದ ಮನೆಯಲ್ಲಿ ಉಂಡು, ಎಲೆಗೆ ಸುಣ್ಣ ಸವರಿ ಒಂದು ಹೋಳು ಹಾಕಿಕೊಂಡರೆ ಸಾಕು, ಕೆಲವೇ ನಿಮಿಷದಲ್ಲಿ ಕಿವಿ ಬಿಸಿಯಾಗಿ, ಹಣೆ ಬೆವತು, ಕಂಬಕ್ಕೆ ಒರಗಿ ಕೂತುಬಿಡುತ್ತಾರೆ. ಮನೆಯವರು ನಗುತ್ತಾ ನೀರು ಬೆಲ್ಲ ತಂದುಕೊಡುತ್ತಾರೆ. ಅಷ್ಟು ಹೊತ್ತಿಗೆ ಅಡಿಕೆಯ ಅರೆಕೋಲಿನ್ ಎಂಬ ಆಲ್ಕಲಾಯ್ಡ್ ಬಾಯಿಯ ಪೊರೆ ದಾಟಿ, ರಕ್ತಕ್ಕೆ ಸೇರಿ, ಮೆದುಳಿನೊಳಗೂ ಹೊಕ್ಕಾಗಿರುತ್ತದೆ. ಸುಣ್ಣಕ್ಕೆ ಇದರಲ್ಲೊಂದು ಕೆಲಸವಿದೆ. ಅದರ ಕ್ಷಾರಗುಣ ಅರೆಕೋಲಿನ್ ಅಣುವಿನ ವಿದ್ಯುದಂಶವನ್ನು ಕಳೆದು, ಕೊಬ್ಬಿನಿಂದಾದ ಪೊರೆಗಳನ್ನು ಸಲೀಸಾಗಿ ದಾಟುವಂತೆ ಮಾಡುತ್ತದೆ. ಗಿಡದಲ್ಲಿರುವ ವಸ್ತು ಮೆದುಳಿಗೆ ಮುಟ್ಟುತ್ತದೆಯೇ ಎಂದು ಯಾರಾದರೂ ಕೇಳಿದರೆ ಚನ್ನಗಿರಿಯವರು ಬೇರೆ ಸಾಕ್ಷಿ ಹುಡುಕಬೇಕಿಲ್ಲ. (ಅಡಿಕೆ ಮದ್ದು ಎಂದು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರಿಗೆ ಅದು ಹಿಡಿಸದ ಮಾತು, ಆ ಜಗಳ ಇನ್ನೊಂದು ದಿನಕ್ಕಿರಲಿ.)

ಈ ಮಾತು ಎತ್ತಿದ್ದು ಲಕ್ವದ ಕಾರಣಕ್ಕೆ. ಚನ್ನಗಿರಿಯಲ್ಲಾಗಲಿ, ಹೊನ್ನಾಳಿಯಲ್ಲಾಗಲಿ, ನ್ಯಾಮತಿ, ಜಗಳೂರಿನ ಹಳ್ಳಿಗಳಲ್ಲಾಗಲಿ ಒಬ್ಬರಿಗೆ ಲಕ್ವ ಹೊಡೆಯಿತು ಎಂದರೆ ಎರಡು ದನಿ ಒಟ್ಟಿಗೇ ಏಳುತ್ತವೆ. ಒಂದು, ‘ಇಂಥ ಊರಲ್ಲಿ ನಾಟಿ ಔಷಧಿ ಕೊಡ್ತಾರೆ, ಮೂರು ವಾರ ಪಥ್ಯ ಮಾಡಿದರೆ ಎದ್ದು ಓಡಾಡ್ತಾರೆ’ ಎನ್ನುವುದು. ಇನ್ನೊಂದು ಪೇಟೆಯಲ್ಲಿ ಓದಿ ಬಂದ ಮಗನದು, ‘ಬೇರು ನಾರು ಎಲ್ಲಾ ಸುಳ್ಳು’ ಎನ್ನುವುದು. ಬೇರಿನಲ್ಲಿ ಏನೂ ಇಲ್ಲ ಎನ್ನುವವನು ದಿನಾ ಎರಡು ಲೋಟ ಕಾಫಿ ಕುಡಿದು ಎಚ್ಚರವಾಗುತ್ತಾನೆ, ಕೆಫೀನ್ ಮೆದುಳಿಗೆ ಹೋಗದೆ ಅದು ಆಗುವುದಿಲ್ಲ. ಬೇರಿನಲ್ಲಿ ಎಲ್ಲಾ ಇದೆ ಎನ್ನುವವರು ಅದು ಹೊಟ್ಟೆಯಿಂದ ಮೆದುಳಿಗೆ ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಪ್ರಮಾಣದಲ್ಲಿ ಹೋಗುತ್ತದೆ ಎಂದು ಕೇಳುವುದೇ ಇಲ್ಲ. ಕೇಳಬೇಕಾದದ್ದು ಅದನ್ನೇ.

ಮೆದುಳಿಗೆ ರಕ್ತದಲ್ಲಿರುವುದೆಲ್ಲ ಇಳಿಯುವುದಿಲ್ಲ. ಇದು ಮೊದಲು ಕಣ್ಣಿಗೆ ಬಿದ್ದದ್ದು ಜರ್ಮನಿಯಲ್ಲಿ. 1885ರಲ್ಲಿ ಪೌಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದಾಗ ದೇಹದ ಅಂಗಗಳೆಲ್ಲ ಬಣ್ಣ ತಾಳಿದರೂ ಮೆದುಳು ಮಾತ್ರ ಬಿಳಿಚಿಕೊಂಡೇ ಇತ್ತು. ಮೆದುಳಿಗೆ ಬಣ್ಣ ಹಿಡಿಯುವ ಗುಣವೇ ಇಲ್ಲವೇನೋ ಎಂದು ಆತ ಭಾವಿಸಿದ. ಅವನ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಅದನ್ನೇ ತಿರುಗಿಸಿ ಮಾಡಿದ. ಬಣ್ಣವನ್ನು ನೇರ ಮೆದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಟ್ಟ. ಈಗ ಮೆದುಳು ನೀಲಿಯಾಯಿತು, ದೇಹಕ್ಕೆ ಬಣ್ಣ ತಗಲಲಿಲ್ಲ. ನಡುವೆ ಒಂದು ತಡೆ ಇದೆ ಎನ್ನುವುದು ಖಚಿತವಾಯಿತು. ಅದು ಎಲ್ಲಿದೆ ಎಂದು ಕಣ್ಣಾರೆ ಕಂಡದ್ದು 1967ರಲ್ಲಿ, ರೀಸ್ ಮತ್ತು ಕಾರ್ನೊವ್‌ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. ಬೇರೆ ಕಡೆಯ ಲೋಮನಾಳಗಳಲ್ಲಿ ಜೀವಕೋಶಗಳ ನಡುವೆ ಸಂದು ಇರುತ್ತದೆ. ಮೆದುಳಿನ ಲೋಮನಾಳಗಳಲ್ಲಿ ಆ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದುಕೊಂಡಿವೆ.

ಹಾಗಾದರೆ ಒಳಗೆ ಹೋಗುವವು ಯಾವುವು? ಸಣ್ಣ ಅಣುಗಳು, ಅದರಲ್ಲೂ ಕೊಬ್ಬಿನಲ್ಲಿ ಕರಗುವಂಥವು, ಕೋಶದ ಮೂಲಕವೇ ಹಾಯ್ದು ಹೋಗುತ್ತವೆ. ಅಣುಭಾರ 400ರಿಂದ 500 ಡಾಲ್ಟನ್ ದಾಟಿತೆಂದರೆ ಕಷ್ಟ ಶುರುವಾಗುತ್ತದೆ. ಅರೆಕೋಲಿನ್‌ನದು 155, ಕೆಫೀನ್‌ನದು 194. ಹೊಕ್ಕದ್ದನ್ನೂ ಹೊರದಬ್ಬಲು ಆ ಕೋಶಗಳ ಮೈಮೇಲೆ ಪಂಪುಗಳಿವೆ. ಪಿ-ಗ್ಲೈಕೊಪ್ರೋಟೀನ್ ಅಂಥದ್ದೊಂದು, ಗಿಡಮೂಲದ ಎಷ್ಟೋ ವಸ್ತುಗಳನ್ನು ಅದು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಸಕ್ಕರೆ, ಅಮೈನೋ ಆಮ್ಲಗಳಂಥ ಆಹಾರಕ್ಕಾಗಿ ಬೇರೆಯೇ ಸಾಗಣೆ ಪ್ರೋಟೀನುಗಳಿವೆ. ಸಣ್ಣ ಅಣುಗಳ ಔಷಧಗಳಲ್ಲೂ ನೂರಕ್ಕೆ 98ರಷ್ಟು ಈ ತಡೆಯನ್ನು ದಾಟುವುದಿಲ್ಲ ಎನ್ನುವುದು ಈ ಕ್ಷೇತ್ರದವರು ಸಾಮಾನ್ಯವಾಗಿ ಹೇಳುವ ಅಂದಾಜು.

ದಾಟುವುದು, ದಾಟದಿರುವುದು ಎರಡನ್ನೂ ಒಂದೇ ಕ್ಯಾಪ್ಸೂಲಿನಲ್ಲಿ ಬಳಸಿಕೊಂಡ ಕಥೆ ಮತ್ತೆ ಅಡಿಕೆಗೇ ಬರುತ್ತದೆ. ಅರೆಕೋಲಿನ್‌ನ ರಚನೆಯಿಂದ ಹೊರಟು ರಸಾಯನ ವಿಜ್ಞಾನಿಗಳು ಕ್ಸಾನೊಮೆಲಿನ್ ಎಂಬ ಸಂಶ್ಲೇಷಿತ ವಸ್ತುವನ್ನು ಮಾಡಿದ್ದರು. 1990ರ ದಶಕದಲ್ಲಿ ಅದನ್ನು ಆಲ್‌ಝೈಮರ್ ರೋಗಿಗಳ ಮೇಲೆ ಪ್ರಯೋಗಿಸಿದಾಗ ಮೆದುಳಿನಲ್ಲಿ ಕೆಲಸವೇನೋ ಕಂಡಿತು, ಆದರೆ ವಾಂತಿ, ಬೆವರು, ಹೊಟ್ಟೆ ತೊಳಸುವಿಕೆ ತಡೆಯಲಾಗಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸೊಕ್ಕುತ್ತಿತ್ತು. ಆಮೇಲೆ ಅದಕ್ಕೆ ಟ್ರೋಸ್ಪಿಯಮ್ ಎಂಬ ವಿರುದ್ಧ ಗುಣದ ಔಷಧ ಬೆರೆಸಿದರು. ಟ್ರೋಸ್ಪಿಯಮ್ ಮೆದುಳಿನ ತಡೆಯನ್ನು ದಾಟುವುದಿಲ್ಲ, ಹಾಗಾಗಿ ಅದು ದೇಹದಲ್ಲಿ ಸೊಕ್ಕನ್ನು ಅಡಗಿಸುತ್ತದೆ, ಮೆದುಳಿನಲ್ಲಿ ಕ್ಸಾನೊಮೆಲಿನ್ ತನ್ನ ಪಾಡಿಗೆ ಕೆಲಸ ಮಾಡುತ್ತದೆ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಜೋಡಿಗೆ ಸ್ಕಿಜೊಫ್ರೇನಿಯಾ ಚಿಕಿತ್ಸೆಗಾಗಿ ಒಪ್ಪಿಗೆ ಕೊಟ್ಟಿತು. ಗಿಡಮೂಲಿಕೆಯ ಬಗ್ಗೆ ಗೌರವ ತೋರಿಸುವುದೆಂದರೆ ಇಷ್ಟು ಕೂಲಂಕಷವಾಗಿ ಅದರ ಬೆನ್ನು ಹತ್ತುವುದು ಎಂದು ನನಗನ್ನಿಸುತ್ತದೆ.

ನಮ್ಮ ಹಿತ್ತಲಿನ ಗಿಡಗಳಿಗೆ ಬರೋಣ. ಗದ್ದೆ ಬದುವಿನ ಒಂದೆಲಗವನ್ನು ನೆನಪಿನ ಶಕ್ತಿಗೆಂದು ಚಟ್ನಿ, ತಂಬುಳಿ ಮಾಡುತ್ತೇವೆ. ಅದರ ಮುಖ್ಯ ಸತ್ವ ಏಷಿಯಾಟಿಕೋಸೈಡ್, ಅಣುಭಾರ 959. ಅದು ಇದ್ದ ರೂಪದಲ್ಲೇ ಮೆದುಳಿನ ತಡೆ ದಾಟುವಂಥದ್ದಲ್ಲ. ಆದರೆ ಕರುಳಿನ ಬ್ಯಾಕ್ಟೀರಿಯಾಗಳು ಅದಕ್ಕಂಟಿದ ಸಕ್ಕರೆಯ ತುಂಡುಗಳನ್ನು ಕಡಿದು ಏಷಿಯಾಟಿಕ್ ಆಮ್ಲವಾಗಿಸುತ್ತವೆ, ಭಾರ 489ಕ್ಕೆ ಇಳಿಯುತ್ತದೆ. ಈ ಆಮ್ಲ ಇಲಿಗಳಲ್ಲಿ ಪಾರ್ಶ್ವವಾಯುವಿನ ಹಾನಿಯನ್ನು ತಗ್ಗಿಸಿದ್ದನ್ನು ಪ್ರಯೋಗಾಲಯಗಳು ವರದಿ ಮಾಡಿವೆ. ನೀರುಬ್ರಾಹ್ಮಿಯ ಬೇಕೊಸೈಡುಗಳದ್ದೂ ಹೆಚ್ಚುಕಡಿಮೆ ಇದೇ ಹಾದಿ. ಅಂದರೆ ತಿಂದದ್ದು ಒಂದು, ಮೆದುಳಿನ ಹತ್ತಿರ ಹೋಗುವುದು ಇನ್ನೊಂದು. ನಡುವೆ ಕರುಳು, ಯಕೃತ್ತು ಎರಡೂ ಕೈಯಾಡಿಸಿರುತ್ತವೆ.

ಅರಿಶಿನದ ಪ್ರಕರಣ ಇನ್ನೂ ಸ್ವಾರಸ್ಯದ್ದು, ಮತ್ತು ಅದು ಬೆಂಗಳೂರಿನದೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧ ವಿಜ್ಞಾನ ವಿಭಾಗದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕುರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷಿಸಿದರು. ರಕ್ತದಲ್ಲಿ ಅದು ಸಿಗಲೇ ಇಲ್ಲ ಎನ್ನುವಷ್ಟು ಕಡಿಮೆ. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಎಂದರೆ ಕಾಳುಮೆಣಸಿನ ಖಾರದ ಅಂಶ, ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ 2000 ಪ್ರತಿಶತ ಹೆಚ್ಚಿತು. ಹಾಲಿಗೆ ಅರಿಶಿನದ ಜೊತೆ ಮೆಣಸು ಕುಟ್ಟಿ ಹಾಕುತ್ತಿದ್ದ ಅಜ್ಜಿಯಂದಿರು ಇದನ್ನು ಕೇಳಿ ಹಿಗ್ಗಬಹುದು. ಹಿಗ್ಗುವ ಮುನ್ನ ಇನ್ನೊಂದು ಮಾತು. ಪೈಪರಿನ್ ಹೀಗೆ ಮಾಡುವುದು ಯಕೃತ್ತಿನ ಕಿಣ್ವಗಳನ್ನೂ ಆ ಹೊರದಬ್ಬುವ ಪಂಪುಗಳನ್ನೂ ಮಂದಗೊಳಿಸುವುದರಿಂದ. ಅದು ಅರಿಶಿನಕ್ಕಷ್ಟೇ ದಾರಿ ಬಿಡುವುದಿಲ್ಲ, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಂಥ ಮಾತ್ರೆಯ ಮಟ್ಟವನ್ನೂ ರಕ್ತದಲ್ಲಿ ಏರಿಸುತ್ತದೆ. ಲಕ್ವದ ನಂತರ ಫಿಟ್ಸ್ ಬಂದು ಆ ಮಾತ್ರೆ ನುಂಗುತ್ತಿರುವವರು ಎಷ್ಟೋ ಮಂದಿ ಇದ್ದಾರೆ. ಊಟದ ಮೆಣಸಿಗೆ ಯಾರೂ ಹೆದರಬೇಕಿಲ್ಲ, ಸತ್ವ ತೆಗೆದು ತುಂಬಿದ ಕ್ಯಾಪ್ಸೂಲಿನ ಮಾತು ಬೇರೆ.

ಸರಾಗವಾಗಿ ಮೆದುಳಿಗೆ ಹೋಗುವ ಗಿಡಮೂಲದ ವಸ್ತು ಎಂದರೆ ನಸುಗುನ್ನಿಯದು. ಮೈಗೆ ತಗಲಿದರೆ ತುರಿಸಿ ತುರಿಸಿ ಸುಸ್ತಾಗುವ ಆ ಬಳ್ಳಿಯ ಬೀಜದಲ್ಲಿ ಎಲ್-ಡೋಪಾ ಇದೆಯೆಂದು ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿ ತೋರಿಸಿದರು. ಎಲ್-ಡೋಪಾ ಅಮೈನೋ ಆಮ್ಲದ ಜಾತಿಯದ್ದಾದ್ದರಿಂದ ಆಹಾರದ ಅಮೈನೋ ಆಮ್ಲಗಳನ್ನು ಸಾಗಿಸುವ ಪ್ರೋಟೀನನ್ನೇ ಹಿಡಿದು ಒಳಗೆ ಹೋಗುತ್ತದೆ, ಹೋದಮೇಲೆ ಡೋಪಮಿನ್ ಆಗುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಇಂದಿಗೂ ಇದೇ ಮುಖ್ಯ ಔಷಧ. ಲಕ್ವಕ್ಕೂ ಯಾಕಾಗಬಾರದು? 2001ರಲ್ಲಿ ಜರ್ಮನಿಯ 53 ರೋಗಿಗಳ ಸಣ್ಣ ಪ್ರಯೋಗದಲ್ಲಿ ವ್ಯಾಯಾಮದ ಜೊತೆ ಲೆವೊಡೋಪಾ ಕೊಟ್ಟವರ ಚಲನೆ ಹೆಚ್ಚು ಸುಧಾರಿಸಿದಂತೆ ಕಂಡಿತು. ಬ್ರಿಟನ್ನಿನವರು 593 ಮಂದಿಯ ಮೇಲೆ ದೊಡ್ಡದಾಗಿ ಮಾಡಿ ನೋಡಿ 2019ರಲ್ಲಿ ಪ್ರಕಟಿಸಿದರು. ನಡಿಗೆಯಲ್ಲಿ ಯಾವ ಲಾಭವೂ ಇರಲಿಲ್ಲ. ವಸ್ತು ಶುದ್ಧ, ದಾರಿ ಗೊತ್ತು, ಮೆದುಳಿಗೆ ಮುಟ್ಟುವುದು ಖಚಿತ, ಆದರೂ ಫಲವಿಲ್ಲ. ಮುಟ್ಟುವುದು ಬೇರೆ, ಮಾಡುವುದು ಬೇರೆ.

ಇಷ್ಟೂ ಹೇಳಿದ್ದು ಮೆದುಳು ನೆಟ್ಟಗಿರುವಾಗಿನ ಮಾತು. ಲಕ್ವ ಹೊಡೆದ ಗಳಿಗೆಯಲ್ಲಿ ಲೆಕ್ಕ ಬದಲಾಗುತ್ತದೆ.

ಲಕ್ವಗಳಲ್ಲಿ ಹೆಚ್ಚಿನವು ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಆಗುವಂಥವು, ಉಳಿದವು ನಾಳ ಒಡೆದು ಆಗುವಂಥವು. ಹೆಪ್ಪು ಕಟ್ಟಿದಾಗ ಅದರ ಮುಂದಿನ ಭಾಗಕ್ಕೆ ರಕ್ತ ನಿಲ್ಲುತ್ತದೆ. ದೊಡ್ಡ ನಾಳ ಮುಚ್ಚಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಅಮೆರಿಕದ ನರತಜ್ಞ ಜೆಫ್ರಿ ಸೇವರ್ ಲೆಕ್ಕ ಹಾಕಿದ್ದರು. ಕಷಾಯವಾಗಲಿ, ಭಸ್ಮವಾಗಲಿ, ಇಂಗ್ಲಿಷ್ ಮಾತ್ರೆಯಾಗಲಿ, ಹೊಟ್ಟೆಯಿಂದ ಹೊರಟ ವಸ್ತು ಮೆದುಳಿಗೆ ಹೋಗುವುದು ರಕ್ತದಲ್ಲೇ. ರಕ್ತ ನಿಂತ ಜಾಗಕ್ಕೆ ಅದು ಹೋಗುವುದಾದರೂ ಹೇಗೆ? ಎಷ್ಟು ಒಳ್ಳೆಯ ಬೇರಾದರೂ ಮೊದಲು ನಾಳ ತೆರೆಯಬೇಕು. ನಾಟಿ ಔಷಧಿಯನ್ನು ಮನಸಾರೆ ನಂಬುವವರೂ ಮೊದಲು ಆಸ್ಪತ್ರೆಗೆ ಓಡಬೇಕಾದದ್ದು ಈ ಕಾರಣಕ್ಕೆ. ತಮ್ಮ ಔಷಧಿಗೆ ದಾರಿ ಮಾಡಿಕೊಡಲಿಕ್ಕಾದರೂ ಓಡಬೇಕು.

‘ಲಕ್ವದಲ್ಲಿ ಮೆದುಳಿನ ತಡೆ ಸಡಿಲವಾಗುತ್ತದಂತೆ, ಆಗ ಮದ್ದು ಸುಲಭವಾಗಿ ಇಳಿಯುತ್ತದಲ್ಲ’ ಎಂದು ಸ್ವಲ್ಪ ಓದಿಕೊಂಡವರು ಕೇಳುತ್ತಾರೆ. ಸಡಿಲವಾಗುವುದು ನಿಜ. ರಕ್ತವಿಲ್ಲದೆ ಬಳಲಿದ ನಾಳದ ಕೋಶಗಳ ಬಿಗಿ ಹೊಲಿಗೆಯನ್ನು ಎಂಎಂಪಿ-9ರಂಥ ಕಿಣ್ವಗಳು ಕೆಲವೇ ಗಂಟೆಗಳಲ್ಲಿ ಕಿತ್ತುಹಾಕತೊಡಗುತ್ತವೆ. ಆದರೆ ಸೂಳೆಕೆರೆಯ ನೀರು ತೂಬಿನಿಂದ ಬಂದರೆ ಗದ್ದೆ ಬೆಳೆಯುತ್ತದೆ, ಏರಿ ಒಡೆದು ಬಂದರೆ ಗದ್ದೆಯೇ ಉಳಿಯುವುದಿಲ್ಲ. ಒಡೆದ ತಡೆಯಿಂದ ಮದ್ದಿನ ಜೊತೆ ರಕ್ತದ ನೀರು, ಪ್ರೋಟೀನು, ಉರಿಯೂತದ ಕೋಶಗಳು ನುಗ್ಗುತ್ತವೆ, ಮೆದುಳು ಊದುತ್ತದೆ, ಕೆಲವೊಮ್ಮೆ ಸತ್ತ ಭಾಗದೊಳಗೆ ರಕ್ತಸ್ರಾವವೇ ಆಗುತ್ತದೆ. ಇನ್ನೂ ವಿಚಿತ್ರವೆಂದರೆ, ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ರಕ್ತ ನಿಂತ ಭಾಗದ ನಾಳಗಳಲ್ಲಿ ಪಿ-ಗ್ಲೈಕೊಪ್ರೋಟೀನ್ ಪಂಪು ಹೆಚ್ಚಾದದ್ದು ಕಂಡಿದೆ. ಒಂದು ಕಡೆ ಹೊಲಿಗೆ ಬಿಚ್ಚುತ್ತಿರುವಾಗಲೇ ಇನ್ನೊಂದು ಕಡೆ ಔಷಧವನ್ನು ಹೊರದಬ್ಬುವ ಕೆಲಸ ಜೋರಾಗುತ್ತದೆ.

ಚೀನಾದವರು ಈ ತಡೆಯನ್ನು ಹದವಾಗಿ ಸಡಿಲಿಸುವ ವಸ್ತುವನ್ನು ಹುಡುಕಿದ್ದಾರೆ, ಅದು ನಮಗೂ ಅಪರಿಚಿತವಲ್ಲ. ಬೋರ್ನಿಯೋ, ಸುಮಾತ್ರಾ ಕಡೆಯ ಮರದಿಂದ ಬರುತ್ತಿದ್ದ ಹಳೆಯ ಕಾಲದ ಪಚ್ಚಕರ್ಪೂರ, ರಾಸಾಯನಿಕವಾಗಿ ಬೋರ್ನಿಯಾಲ್. ಇತರ ಮದ್ದುಗಳನ್ನು ತಲೆಗೆ ಕರೆದೊಯ್ಯುವ ವಸ್ತು ಎಂದೇ ಅಲ್ಲಿನ ಪರಂಪರೆ ಅದನ್ನು ಬಳಸುತ್ತದೆ, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ತಡೆಯನ್ನು ತಾತ್ಕಾಲಿಕವಾಗಿ ಸಡಿಲಿಸಿದ್ದೂ ಕಂಡಿದೆ. ಎಡಾರವೋನ್ ಎಂಬ ಸಂಶ್ಲೇಷಿತ ಔಷಧಕ್ಕೆ ಬೋರ್ನಿಯಾಲ್ ಸೇರಿಸಿ 1165 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2021ರಲ್ಲಿ ಬಂತು. ಲಕ್ವ ಹೊಡೆದು 48 ಗಂಟೆಯೊಳಗೆ ಶುರುಮಾಡಿದವರಲ್ಲಿ 90 ದಿನಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು ಸುಮಾರು 67 ಪ್ರತಿಶತ, ಬರೀ ಎಡಾರವೋನ್ ಪಡೆದವರಲ್ಲಿ 59. ಗಮನಾರ್ಹ ವ್ಯತ್ಯಾಸವೇ. ಆದರೆ ಬೋರ್ನಿಯಾಲ್‌ಗೆ ಉರಿಯೂತ ತಗ್ಗಿಸುವ ತನ್ನದೇ ಗುಣವೂ ಇದೆ, ದಾರಿ ಮಾಡಿಕೊಟ್ಟದ್ದರಿಂದ ಆದ ಲಾಭವೋ ಇದರಿಂದಾದದ್ದೋ ಈ ಪ್ರಯೋಗ ಹೇಳುವುದಿಲ್ಲ. ಇದನ್ನೋದಿ ಅಂಗಡಿಯಿಂದ ಕರ್ಪೂರ ತಂದು ತಿನ್ನಿಸಬೇಡಿ. ಪೂಜೆಯ ಕರ್ಪೂರ ಬೇರೆಯದೇ ವಸ್ತು, ಹೊಟ್ಟೆಗೆ ಹೋದರೆ ಫಿಟ್ಸ್ ಬರಿಸುತ್ತದೆ.

ಸೋತ ಪ್ರಯೋಗಗಳನ್ನೂ ಹೇಳಬೇಕು. ಒಂಬತ್ತು ಗಿಡಮೂಲ, ಐದು ಪ್ರಾಣಿಮೂಲ ದ್ರವ್ಯಗಳ ನ್ಯೂರೋಏಡ್ ಎಂಬ ಚೀನೀ ಕ್ಯಾಪ್ಸೂಲನ್ನು ಏಷ್ಯಾದ 1100 ರೋಗಿಗಳಲ್ಲಿ ಪರೀಕ್ಷಿಸಿದಾಗ ಮೂರು ತಿಂಗಳಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ, ಇದು 2013ರ ಮಾತು. ನಾಳ ಒಡೆದು ಆಗುವ ಲಕ್ವಕ್ಕೆ ಕೊಡುವ ಇನ್ನೊಂದು ಕಷಾಯವನ್ನು 1600ಕ್ಕೂ ಹೆಚ್ಚು ಮಂದಿಯಲ್ಲಿ ಪರೀಕ್ಷಿಸಿ 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು, ಪ್ರಯೋಜನವಿಲ್ಲವೆಂದೇ ಬರೆದರು. ತಮ್ಮ ಪರಂಪರೆಯ ಔಷಧವನ್ನು ಹೀಗೆ ಒರೆಗೆ ಹಚ್ಚಿ, ಸೋತಾಗ ಸೋತಿತೆಂದು ಅಚ್ಚು ಹಾಕಿಸುವ ಧೈರ್ಯ ನಮ್ಮ ಆಯುಷ್ ವಲಯದಲ್ಲಿ ಇನ್ನಷ್ಟು ಕಾಣಬೇಕು.

ಹಾಗಿದ್ದರೆ ಲಕ್ವದ ನಾಟಿ ಔಷಧಿಗೆ ಇಷ್ಟು ಹೆಸರು ಬಂದದ್ದಾದರೂ ಹೇಗೆ, ಎದ್ದು ಓಡಾಡುವವರು ಕಣ್ಣೆದುರೇ ಇದ್ದಾರಲ್ಲ? ಇದ್ದಾರೆ. ಬಾಯಿ ಸೊಟ್ಟಗಾಗಿ ಬಂದವರಲ್ಲಿ ಒಂದಷ್ಟು ಮಂದಿಯದು ಲಕ್ವವೇ ಅಲ್ಲ, ಮುಖದ ನರವೊಂದರ ಊತ. ಬೆಲ್ಸ್ ಪಾಲ್ಸಿ ಎನ್ನುವ ಅದು ಔಷಧವೇ ಇಲ್ಲದೆ ನೂರರಲ್ಲಿ ಸುಮಾರು ಎಪ್ಪತ್ತು ಜನಕ್ಕೆ ಪೂರ್ತಿ ವಾಸಿಯಾಗುತ್ತದೆ. ಇನ್ನು ಕೆಲವರಿಗೆ ಹೆಪ್ಪು ತಾನಾಗಿ ಕರಗಿ ಕೈಕಾಲು ಒಂದೆರಡು ಗಂಟೆಯಲ್ಲೇ ಸರಿಹೋಗುತ್ತದೆ. ಅದು ದೊಡ್ಡ ಲಕ್ವದ ಮುನ್ಸೂಚನೆ, ವಾಸಿಯಾಯಿತೆಂದು ಮನೆಗೆ ಮರಳುವುದು ಅಪಾಯ. ನಿಜವಾದ ಲಕ್ವದಲ್ಲೂ ಮೊದಲ ಮೂರು ತಿಂಗಳು ಮೆದುಳು ತಾನೇ ಚೇತರಿಸಿಕೊಳ್ಳುವ ಕಾಲ. ಆ ಮೂರು ತಿಂಗಳಲ್ಲಿ ಯಾರ ಬಳಿ ಹೋಗಿರುತ್ತಾರೋ ಅವರಿಗೆ ಹೆಸರು ಬರುತ್ತದೆ, ಪಾರಿವಾಳದ ರಕ್ತ ಹಚ್ಚಿದವರಿಗೂ. ಎಣ್ಣೆ ನೀವುವುದರ ಬಗ್ಗೆ ನನ್ನ ತಕರಾರಿಲ್ಲ. ಎಣ್ಣೆ ಮೆದುಳಿಗೆ ಹೋಗುವುದಿಲ್ಲ ನಿಜ, ಆದರೆ ದಿನಾ ಒಬ್ಬರು ಪಕ್ಕದಲ್ಲಿ ಕೂತು ಸೋತ ಕೈಕಾಲನ್ನು ಆಡಿಸುವುದು ಸಣ್ಣ ಸಂಗತಿಯಲ್ಲ. ಭುಜವನ್ನು ಹಿಡಿದು ಜಗ್ಗದಿದ್ದರೆ ಸಾಕು, ಬಲ ಕಳೆದುಕೊಂಡ ಭುಜದ ಕೀಲು ಬೇಗ ಜಾರುತ್ತದೆ.

ಗಿಡಮೂಲಿಕೆ ಲಕ್ವದ ವಿರುದ್ಧ ನಿಜವಾಗಿ ಗೆದ್ದದ್ದು ಲಕ್ವಕ್ಕೆ ಮುಂಚೆ. ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆ ಎಂದು ಕಲ್ಕತ್ತದ ಸೇನ್ ಮತ್ತು ಬೋಸ್ 1931ರಲ್ಲಿ ಬರೆದರು. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ತಮ್ಮ ರೋಗಿಗಳ ವಿವರ ಪ್ರಕಟಿಸಿದಾಗ ಜಗತ್ತು ತಿರುಗಿ ನೋಡಿತು. 1952ರಲ್ಲಿ ಅದರ ಸತ್ವ ರೆಸರ್ಪಿನ್ ಬೇರ್ಪಟ್ಟಿತು. ರೆಸರ್ಪಿನ್ ಮೆದುಳಿಗೂ ಸಲೀಸಾಗಿ ಹೋಗುತ್ತದೆ, ಹೋಗಿ ಕೆಲವರಲ್ಲಿ ಖಿನ್ನತೆ ತರುತ್ತದೆಂಬ ದೂರು ಬಂದದ್ದರಿಂದಲೇ ಮುಂದೆ ಬಳಕೆ ಕಡಿಮೆಯಾಯಿತು. ಈಗ ಅದಕ್ಕಿಂತ ಹದವಾದ ಬಿಪಿ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತವೆ. ಅವನ್ನು ‘ಬಿಪಿ ನಾರ್ಮಲ್ ಆಯ್ತು’ ಎಂದು ನಡುವೆ ಬಿಟ್ಟವರೇ ಲಕ್ವದ ವಾರ್ಡಿನಲ್ಲಿ ಎದುರಾಗುತ್ತಾರೆ.

ಕೊನೆಗೆ ದಾರಿಯ ಮಾತು, ಈ ಸಲ ಬಸ್ಸಿನ ದಾರಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು, ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಯಿತು. ಇಂದಿಗೂ ನ್ಯಾಮತಿಯವರಿಗೆ ಶಿವಮೊಗ್ಗ ಹತ್ತಿರ, ಜಗಳೂರಿನವರಿಗೆ ಚಿತ್ರದುರ್ಗ. ಎಲ್ಲಿಂದ ಹೊರಟರೂ ಒಂದೆರಡು ಗಂಟೆಯೊಳಗೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ಸಿಗುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಗಡುವು ನಾಲ್ಕೂವರೆ ಗಂಟೆ. ದೊಡ್ಡ ನಾಳದ ಹೆಪ್ಪನ್ನು ತಂತಿ ಹಾಕಿ ಎಳೆಯುವ ಚಿಕಿತ್ಸೆ ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಆದೀತು, ಆದರೆ ಅದು ದೊಡ್ಡ ಊರಿನ ಮಾತು. ಹೆಪ್ಪೋ ಒಡೆದದ್ದೋ ಎಂದು ಸ್ಕ್ಯಾನ್ ಇಲ್ಲದೆ ಯಾವ ನಾಡಿ ಹಿಡಿದೂ ಹೇಳಲಾಗದು, ಒಡೆದ ನಾಳಕ್ಕೆ ರಕ್ತ ತೆಳುಮಾಡುವ ಮದ್ದು ಬಿದ್ದರೆ ಕೈಯಾರೆ ಕೊಂದಂತೆ.

ಆದ್ದರಿಂದ ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ಮುಂದೆ ನಾಟಿ ಔಷಧಿ ಕೊಡಿಸುವುದಿದ್ದರೆ ಆಸ್ಪತ್ರೆಯ ಡಾಕ್ಟರಿಗೆ ಬಚ್ಚಿಡದೆ ಪೊಟ್ಟಣ ತೋರಿಸಿ, ಅವರು ಬರೆದ ಮಾತ್ರೆ ಬಿಡಬೇಡಿ. ಲಕ್ವ ಹೊಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲ ದಿನಗಳಲ್ಲಿ ನುಂಗಲು ಸರಿಯಾಗಿ ಬರುವುದಿಲ್ಲ, ಬಾಯಿಗೆ ಹುಯ್ದದ್ದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ನುಂಗುವ ಶಕ್ತಿಯನ್ನು ಆಸ್ಪತ್ರೆಯಲ್ಲಿ ಪರೀಕ್ಷಿಸುವವರೆಗೆ ಕಷಾಯ ಬೇಡ, ಮಾತ್ರೆ ಬೇಡ, ಒಂದು ಗುಟುಕು ನೀರೂ ಬೇಡ.